ಬೂಷ್ಟು ಹಿಡಿದ ಮನೆಯ ಖರೀದಿ (ತೊರಗಲ್ ಪ್ರದೇಶ)

ಬೂಷ್ಟು ಹಿಡಿದ ಮನೆಯ ಖರೀದಿ ಎಂಬ ಈ ಲೇಖನವು, ಗೋಡೆ, ಮಾಳಿಗೆ ಅಥವಾ ನೆಲದಲ್ಲಿ ತೇವ ಮತ್ತು ಶಿಲೀಂಧ್ರದ ಬೆಳವಣಿಗೆ ಕಂಡುಬಂದಿರುವ, ಇಲ್ಲವೇ ಅದರ ಶಂಕೆಯಿರುವ ಮನೆಯನ್ನು ಕೊಳ್ಳಬೇಕೇ ಬೇಡವೇ ಎಂಬ ನಿರ್ಧಾರವನ್ನು ಕುರಿತದ್ದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನೊಳಗೊಂಡ ತೊರಗಲ್ ಪ್ರದೇಶದ ಮಣ್ಣು, ಮಳೆ, ನದಿ ಹಾಗೂ ಮನೆ ಕಟ್ಟುವ ಪದ್ಧತಿಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಲಾಗಿದೆ.

ಬೂಷ್ಟು ಸ್ವತಃ ಮನೆಯ ದೋಷವಲ್ಲ. ಅದು ದೋಷದ ಗುರುತು. ನೀರಿಲ್ಲದೆ ಬೂಷ್ಟು ಬೆಳೆಯುವುದಿಲ್ಲ. ಆದ್ದರಿಂದ ಗೋಡೆಯ ಮೇಲೆ ಎಷ್ಟು ಕಪ್ಪು ಕಲೆಯಿದೆ ಎನ್ನುವುದಕ್ಕಿಂತ, ಆ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಮತ್ತು ಅದನ್ನು ಕೊಳ್ಳುವವರು ತಮ್ಮ ಹಣ ಹಾಗೂ ಅಧಿಕಾರದ ಮಿತಿಯಲ್ಲಿ ನಿಲ್ಲಿಸಬಲ್ಲರೇ ಎಂಬ ಪ್ರಶ್ನೆಯೇ ನಿರ್ಧಾರಕ್ಕೆ ಆಧಾರವಾಗಬೇಕು.

ಸ್ವರೂಪ

ಬೂಷ್ಟು ಶಿಲೀಂಧ್ರಗಳ ಗುಂಪಿಗೆ ಸೇರಿದ ಜೀವಿ. ಆಡುಮಾತಿನಲ್ಲಿ ಇದನ್ನು ಬೂಜು ಎಂದೂ ಕರೆಯುತ್ತಾರೆ. ಇದರ ಬೀಜಕಣಗಳು ಮನೆಯ ಒಳಗೂ ಹೊರಗೂ ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ತೇವವಾದ ಮೇಲ್ಮೈಯೂ ಆಹಾರವಾಗಬಲ್ಲ ಸಾವಯವ ವಸ್ತುವೂ ಸಿಕ್ಕ ಕಡೆ ಅವು ಮೊಳೆಯುತ್ತವೆ. ಮರ, ಕಾಗದ, ಬಟ್ಟೆ, ಬಣ್ಣದಲ್ಲಿರುವ ಅಂಟು, ಗೋಡೆಯ ಮೇಲೆ ಕುಳಿತ ಧೂಳು ಇವೆಲ್ಲವೂ ಅದಕ್ಕೆ ಆಹಾರವೇ. ನೆನೆದ ವಸ್ತು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಬೆಳೆಯಲು ಆರಂಭಿಸಬಹುದು. ಮನೆಯೊಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇಕಡಾ 60ಕ್ಕಿಂತ ಕೆಳಗೆ, ಸಾಧ್ಯವಾದರೆ 30ರಿಂದ 50ರ ನಡುವೆ ಇಡಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಲಹೆ ನೀಡಿದೆ.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಶಿಲೀಂಧ್ರಗಳೆಂದರೆ ಕ್ಲಾಡೋಸ್ಪೋರಿಯಂ, ಪೆನಿಸಿಲಿಯಂ ಮತ್ತು ಆಸ್ಪರ್ಜಿಲಸ್. ಬಹುಕಾಲ ನೆನೆದ ಕಾಗದ ಮತ್ತು ಹಲಗೆಗಳ ಮೇಲೆ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಶಿಲೀಂಧ್ರ ಬೆಳೆಯುವುದುಂಟು. ಕಪ್ಪು, ಹಸಿರು, ಬೂದು, ಬಿಳಿ ಎಂಬ ಬಣ್ಣದಿಂದಷ್ಟೇ ಅದು ಯಾವ ಜಾತಿಯದು, ಎಷ್ಟು ಅಪಾಯಕಾರಿ ಎಂದು ಹೇಳಲಾಗದು.

ಗೋಡೆಯ ಮೇಲೆ ಕಾಣುವ ಬಿಳಿ ಪುಡಿಯೆಲ್ಲ ಬೂಷ್ಟು ಅಲ್ಲ. ಗೋಡೆಯೊಳಗಿನ ನೀರು ಲವಣಗಳನ್ನು ಕರಗಿಸಿ ಹೊರಗೆ ತಂದು, ತಾನು ಆವಿಯಾದ ಮೇಲೆ ಉಪ್ಪನ್ನು ಉಳಿಸುತ್ತದೆ. ಆ ಪುಡಿಯ ಮೇಲೆ ಒಂದು ಹನಿ ನೀರು ಹಾಕಿದರೆ ಉಪ್ಪು ಬಹುಮಟ್ಟಿಗೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಉಪ್ಪಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಆದರೆ ಗೋಡೆಯಲ್ಲಿ ನೀರು ಸಂಚರಿಸುತ್ತಿದೆ ಎಂಬುದನ್ನು ಅದೂ ತಿಳಿಸುತ್ತದೆ.

ಪ್ರದೇಶದ ಹಿನ್ನೆಲೆ

ತೊರಗಲ್ ಎಂಬುದು ಮಲಪ್ರಭಾ ನದಿಯ ದಂಡೆಯಲ್ಲಿ, ರಾಮದುರ್ಗ ತಾಲೂಕಿನಲ್ಲಿರುವ ಊರು. ಅಲ್ಲಿನ ಕೋಟೆ ಮತ್ತು ಭೂತನಾಥ ದೇವಾಲಯ ಪ್ರಸಿದ್ಧವಾಗಿವೆ. ಶಾಸನಗಳಲ್ಲಿ ಕಾಣುವ ತೊರಗಲೆ ಆರುಸಾಸಿರ ಎಂಬ ನಾಡಿಗೆ ಈ ಊರಿನಿಂದಲೇ ಹೆಸರು ಬಂದಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಅದರ ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ಅಲ್ಲಿಂದ ಮುಂದೆ ನದಿಯು ಮುನವಳ್ಳಿ, ರಾಮದುರ್ಗ, ತೊರಗಲ್‌ಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ಪ್ರದೇಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗಿದ್ದು, ಆರಿದ್ರಾದಿಂದ ಆಶ್ಲೇಷಾವರೆಗಿನ ಮಳೆಗಳು, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕದ ಜಿಟಿಜಿಟಿ ಮಳೆ, ದಿನಗಟ್ಟಲೆ ಗೋಡೆಯನ್ನು ಒಣಗಗೊಡುವುದಿಲ್ಲ. ರಾಮದುರ್ಗ ಮತ್ತು ಸವದತ್ತಿಯ ಬಯಲಿನಲ್ಲಿ ಉತ್ತರಿ, ಹಸ್ತ, ಚಿತ್ತಿ ಮಳೆಗಳು, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಿನ ಮಳೆ, ಮುಖ್ಯವಾದವು. ವರ್ಷದ ಉಳಿದ ಕಾಲದಲ್ಲಿ ಅಲ್ಲಿ ಬಿಸಿಲು ಕಡು. ಹೀಗಾಗಿ ಬಯಲುಸೀಮೆಯಲ್ಲಿ ಬೂಷ್ಟಿನ ಸಮಸ್ಯೆಯೇ ಇಲ್ಲವೆಂಬ ಭಾವನೆ ರೂಢಿಯಲ್ಲಿದೆ. ಇದು ಪೂರ್ತಿ ನಿಜವಲ್ಲ. ಬೇಸಿಗೆಯಲ್ಲಿ ನೋಡಿದ ಮನೆ ಒಣಗಿರುತ್ತದೆ. ಅದೇ ಮನೆಯ ಗೋಡೆ ಹಸ್ತ ಮಳೆಯಲ್ಲಿ ಬೇರೆಯ ಕತೆ ಹೇಳಬಹುದು. ಮದುವೆ, ಮನೆ ಖರೀದಿಯಂಥ ದೊಡ್ಡ ವ್ಯವಹಾರಗಳು ಬಹುಪಾಲು ಸುಗ್ಗಿಯ ನಂತರ, ಯುಗಾದಿಯ ಆಸುಪಾಸಿನಲ್ಲಿ ನಡೆಯುವುದರಿಂದ, ದೋಷ ಕಾಣದ ಕಾಲದಲ್ಲೇ ಮನೆಯನ್ನು ನೋಡಿ ಒಪ್ಪುವ ಸಂಭವ ಹೆಚ್ಚು.

ತೇವದ ಮೂಲಗಳು

ಮಾಳಿಗೆ

ಹಳೆಯ ಮನೆಗಳಲ್ಲಿ ತೊಲೆ ಮತ್ತು ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯನ್ನು ಒತ್ತಾಗಿ ಹಾಸಿ, ಅದರ ಮೇಲೆ ಮಣ್ಣು ಹಾಕಿದ ಸಪಾಟಾದ ಮಾಳಿಗೆ ಇರುತ್ತದೆ. ನೀರು ಇಳಿಯದಂತೆ ಮೇಲ್ಪದರಕ್ಕೆ ಸವಳು ಮಣ್ಣು ಬಳಸುವುದು ಬಯಲುಸೀಮೆಯ ಪದ್ಧತಿ. ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಯನ್ನು ಸರಿಪಡಿಸುತ್ತಿದ್ದ ಕಾಲದಲ್ಲಿ ಇದು ಚೆನ್ನಾಗಿಯೇ ಬಾಳುತ್ತಿತ್ತು. ಮನೆ ಬಾಡಿಗೆಗೆ ಹೋದ ಮೇಲೆ, ಇಲ್ಲವೇ ಒಡೆಯರು ಹುಬ್ಬಳ್ಳಿ, ಬೆಳಗಾವಿ, ಪುಣೆಗಳಲ್ಲಿ ನೆಲೆಸಿದ ಮೇಲೆ, ಆ ಆರೈಕೆ ನಿಂತುಹೋಗುತ್ತದೆ. ಜಂತಿಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗದಲ್ಲಿ ಮರ ಕೊಳೆಯುವುದು ಇಂಥ ಮನೆಗಳ ಮುಖ್ಯ ಅಪಾಯ. ಸೋರುವಿಕೆ ತಡೆಯಲೆಂದು ವರ್ಷವರ್ಷವೂ ಹೊಸ ಮಣ್ಣು ಹಾಕಿದ್ದರೆ ಮಾಳಿಗೆಯ ಭಾರವೂ ಏರಿರುತ್ತದೆ; ಮಳೆಯಲ್ಲಿ ನೆನೆದಾಗ ಅದು ಇನ್ನಷ್ಟು ತೂಗುತ್ತದೆ.

ಹೊಸ ಆರ್‌ಸಿಸಿ ಮನೆಗಳಲ್ಲಿ ಮಾಳಿಗೆಯ ಇಳಿಜಾರು ಸಾಲದೆ ನೀರು ನಿಲ್ಲುವುದು, ಹರನಾಳಿಗೆ ಅಥವಾ ಪೈಪು ಕಟ್ಟಿಕೊಳ್ಳುವುದು, ಸುತ್ತುಗೋಡೆ ಮತ್ತು ಸ್ಲ್ಯಾಬು ಕೂಡುವ ಮೂಲೆಯಲ್ಲಿ ಬಿರುಕು ಬಿಡುವುದು ಸಾಮಾನ್ಯ. ಮಾಳಿಗೆಯ ಸೋರುವಿಕೆಗೆ ಒಂದು ಅನುಕೂಲವಿದೆ: ಅದು ಮನೆಯ ಒಡೆಯನ ಕೈಯೊಳಗಿನ ವಿಷಯ, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ದುರಸ್ತಿ ಸಾಧ್ಯ.

ನೆಲ ಮತ್ತು ತಳಪಾಯ

ನೆಲದ ನೀರು ಇಟ್ಟಿಗೆ, ಕಲ್ಲುಸಂದಿ ಅಥವಾ ಮಣ್ಣಿನ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಸಾಮಾನ್ಯವಾಗಿ ಇದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಏರಿ, ಅಲ್ಲಿ ಉಪ್ಪಿನ ಅಡ್ಡಗೆರೆಯನ್ನು ಬಿಡುತ್ತದೆ. ಹೊಸ ಮನೆಗಳಲ್ಲಿ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕುವುದು ಇದಕ್ಕಾಗಿಯೇ. ಹಳೆಯ ಮನೆಗಳಲ್ಲಿ ಆ ಪದರ ಇರುವುದಿಲ್ಲ.

ಈ ಭಾಗದ ಹಳೆಯ ಮನೆಗಳಲ್ಲಿ ಜೋಳ ಕೂಡಿಡಲು ನೆಲದಡಿಯಲ್ಲಿ ತೋಡಿದ ಹಗೇವು ಇರುವುದುಂಟು. ಬಳಕೆ ತಪ್ಪಿದ ಮೇಲೆ ಅದನ್ನು ಸರಿಯಾಗಿ ತುಂಬದೆ ಮೇಲೆ ಹಾಸುಗಲ್ಲು ಮುಚ್ಚಿದ್ದರೆ, ಮಳೆಗಾಲದಲ್ಲಿ ಅಲ್ಲಿ ನೀರು ಸೇರಿ ಕೋಣೆಯ ನೆಲವೆಲ್ಲ ಹಸಿಯಾಗಬಹುದು. ಹಳೆಯ ಮನೆಯನ್ನು ಕೊಳ್ಳುವವರು ಹಗೇವು ಎಲ್ಲಿತ್ತು, ಅದನ್ನು ಏನು ಮಾಡಲಾಗಿದೆ ಎಂದು ಕೇಳಬೇಕು. ಮಲಪ್ರಭಾ ಕಾಲುವೆಗಳ ನೀರಾವರಿಗೆ ಒಳಪಟ್ಟ ಕಡೆ ಅಂತರ್ಜಲ ಮೇಲೇರಿ ಸವಳು-ಜವಳಾದ ಜಮೀನಿನ ಪಕ್ಕದ ಮನೆಗಳಿಗೂ ಇದೇ ತೊಂದರೆ.

ಎರೆಮಣ್ಣಿನ ಬಿರುಕು

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗಗಳ ಬಹುಭಾಗ ಎರೆಭೂಮಿ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಹೊಲದಲ್ಲಿ ಕಾಣುವ ಈ ಚಲನೆ ಮನೆಯ ಕೆಳಗೂ ನಡೆಯುತ್ತದೆ. ತಳಪಾಯ ಆಳವಾಗಿಲ್ಲದಿದ್ದರೆ ಬಾಗಿಲು-ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಮೂಡಿ, ಅದರಿಂದ ಮಳೆಯ ನೀರು ಗೋಡೆಯೊಳಗೆ ಸೇರುತ್ತದೆ. ಇಂಥ ಬಿರುಕಿಗೆ ಸಿಮೆಂಟು ತುಂಬಿದರೆ ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ತೆರೆದುಕೊಳ್ಳಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಮಣ್ಣಿಗಾಗಿಯೇ ಬುಡದಲ್ಲಿ ಅಗಲವಾಗುವ ವಿಶೇಷ ಕಂಬದ ತಳಪಾಯವನ್ನು ರೂಪಿಸಿದೆ. ಆದರೆ ಕಟ್ಟಿ ಮುಗಿದ ಮನೆಗೆ ಹೊಸ ತಳಪಾಯ ಕೊಡುವುದು ಕಷ್ಟದ ಮತ್ತು ದುಬಾರಿಯ ಕೆಲಸ.

ನದಿಯ ನೆರೆ

2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ಅತಿವೃಷ್ಟಿಯಲ್ಲಿಯೂ 2019ರ ಆಗಸ್ಟ್‌ನ ಮಹಾಪೂರದಲ್ಲಿಯೂ ಮಲಪ್ರಭೆ ಉಕ್ಕಿ ಹರಿಯಿತು. 2019ರಲ್ಲಿ ನವಿಲುತೀರ್ಥದಿಂದ ಹೆಚ್ಚಿನ ನೀರು ಬಿಟ್ಟಾಗ ಮುನವಳ್ಳಿ ಮತ್ತು ರಾಮದುರ್ಗ ಪಟ್ಟಣದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತ್ತು. ನೆರೆಯಲ್ಲಿ ನಿಂತ ಮಣ್ಣಿನ ಗೋಡೆ ಹೊರಗೆ ಗಟ್ಟಿಯಾಗಿ ಕಂಡರೂ ಬುಡದಲ್ಲಿ ಸತ್ವ ಕಳೆದುಕೊಂಡಿರಬಹುದು. ಅಂಥ ಮನೆಯಲ್ಲಿ ಬೂಷ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಗೋಡೆಯ ಬಲದ್ದು. ನೆರೆಯ ನೀರನ್ನು ತಡೆಯುವುದು ಒಬ್ಬ ಮನೆಯೊಡೆಯನ ಕೈಯಲ್ಲಿಲ್ಲ ಎಂಬುದನ್ನೂ ಮರೆಯಬಾರದು.

ಪಕ್ಕದ ಮನೆ

ಊರೊಳಗಿನ ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿರುತ್ತವೆ. ಪಕ್ಕದವರ ಬಚ್ಚಲು ಅಥವಾ ನೀರಿನ ತೊಟ್ಟಿ ನಡುಗೋಡೆಗೆ ಆತುಕೊಂಡಿದ್ದರೆ, ತೇವ ಈಚೆಯ ದೇವರಮನೆಯಲ್ಲೋ ಮಲಗುವ ಕೋಣೆಯಲ್ಲೋ ಕಾಣಿಸುತ್ತದೆ. ಇಲ್ಲಿ ದುರಸ್ತಿಯಾಗಬೇಕಾದುದು ಇನ್ನೊಬ್ಬರ ಮನೆಯಲ್ಲಿ. ಅವರ ಒಪ್ಪಿಗೆ ಇಲ್ಲದೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ.

ಒಳಗಿನ ಆವಿ

ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಮತ್ತು ಮನುಷ್ಯರ ಉಸಿರಿನಿಂದ ಬಂದ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಹಳೆಯ ಮನೆಗಳ ಮಾಳಿಗೆಯಲ್ಲಿದ್ದ ಬೆಳಕಿಂಡಿ ಬೆಳಕು ತರುವುದರ ಜೊತೆಗೆ ಈ ಆವಿಯನ್ನೂ ಹೊರಹಾಕುತ್ತಿತ್ತು. ಮಳೆ ಒಳಬರುತ್ತದೆಂದು ಬೆಳಕಿಂಡಿಯನ್ನು ಮುಚ್ಚಿದ ಮನೆಗಳಲ್ಲಿ, ಕಿಟಕಿಯಿಲ್ಲದ ನಡುಮನೆಗೆ ಗಾಳಿಯ ದಾರಿಯೇ ಇರುವುದಿಲ್ಲ. ಈ ಬಗೆಯ ಬೂಷ್ಟು ಕಪಾಟಿನ ಹಿಂಭಾಗ, ಹೊರಗೋಡೆಯ ಮೇಲ್ಮೂಲೆ, ಗಾದಿ ಒಟ್ಟಿದ ಜಾಗಗಳಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಸರಿಹೋಗುವುದು ಇದೇ.

ಆರೋಗ್ಯದ ಮೇಲಿನ ಪರಿಣಾಮ

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟನ್ನು ಕುರಿತು ಮಾರ್ಗಸೂಚಿ ಪ್ರಕಟಿಸಿತು. ತೇವವಿರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಕೆಮ್ಮು, ಅಲರ್ಜಿ ಮತ್ತು ಆಸ್ತಮಾದ ಉಲ್ಬಣ ಹೆಚ್ಚೆಂದು ಅದು ಹೇಳುತ್ತದೆ. ಇಷ್ಟು ಬೂಷ್ಟಿದ್ದರೆ ಅಪಾಯವಿಲ್ಲ ಎಂಬ ಯಾವುದೇ ಅಂಕಿಯನ್ನು ಅದು ನಿಗದಿಪಡಿಸಿಲ್ಲ. ತೇವವನ್ನು ತಡೆಗಟ್ಟುವುದನ್ನೇ ಮುಖ್ಯ ಉಪಾಯವಾಗಿ ಸೂಚಿಸಿದೆ.

ಎಲ್ಲರಿಗೂ ಪರಿಣಾಮ ಒಂದೇ ಬಗೆಯದಲ್ಲ. ಹಸುಗೂಸುಗಳು, ವೃದ್ಧರು, ಆಸ್ತಮಾ ಇರುವವರು, ಕ್ಷಯ ಮೊದಲಾದ ರೋಗಗಳಿಂದ ಶ್ವಾಸಕೋಶಕ್ಕೆ ಹಾನಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಅಪಾಯ ಹೆಚ್ಚು. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಾಗ, ಮನೆಯಲ್ಲಿದ್ದ ಬೂಷ್ಟಿನ ದೀರ್ಘಕಾಲದ ಸಂಪರ್ಕವೇ ಉಸಿರಾಟದ ಕಾಯಿಲೆಗೆ ಕಾರಣವೆಂದು 2022ರ ಅಧಿಕೃತ ವಿಚಾರಣೆ ತೀರ್ಮಾನಿಸಿತು. ಅದರ ಫಲವಾಗಿ, ಸಾಮಾಜಿಕ ವಸತಿ ಒದಗಿಸುವ ಸಂಸ್ಥೆಗಳು ಬೂಷ್ಟಿನ ದೂರುಗಳನ್ನು ನಿಗದಿತ ಅವಧಿಯಲ್ಲಿ ಸರಿಪಡಿಸಬೇಕೆಂಬ ನಿಯಮಕ್ಕೆ ಅಲ್ಲಿ 2023ರ ಕಾನೂನು ಅವಕಾಶ ಕಲ್ಪಿಸಿತು. ಹೀಗಾಗಿ ಮನೆಯ ಗೋಡೆಯನ್ನಷ್ಟೇ ಅಲ್ಲದೆ, ಆ ಮನೆಯಲ್ಲಿ ಯಾರು ಬಾಳಬೇಕಾಗಿದೆ ಎಂಬುದನ್ನೂ ಖರೀದಿಯ ನಿರ್ಧಾರದಲ್ಲಿ ಪರಿಗಣಿಸಬೇಕು.

ಖರೀದಿಗೆ ಮುನ್ನ ಪರೀಕ್ಷೆ

ಭಾರತದಲ್ಲಿ ಮನೆ ಮಾರಾಟಕ್ಕೆ ಮೊದಲು ಕಟ್ಟಡವನ್ನು ತಜ್ಞರಿಂದ ಪರೀಕ್ಷಿಸುವ ಕಡ್ಡಾಯ ಪದ್ಧತಿಯಿಲ್ಲ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಆ ಆಸ್ತಿ ಸಾಲಕ್ಕೆ ತಕ್ಕ ಭದ್ರತೆಯೇ ಎಂಬುದನ್ನು. ಮನೆ ವಾಸಕ್ಕೆ ಆರೋಗ್ಯಕರವೇ ಎಂದು ಹೇಳುವುದು ಅವರ ಕೆಲಸವಲ್ಲ. ಉತಾರ ಮತ್ತು ಋಣಭಾರ ಪ್ರಮಾಣಪತ್ರಗಳನ್ನು ಎಚ್ಚರದಿಂದ ನೋಡುವವರೂ, ದಿಕ್ಕು ಮತ್ತು ವಾಸ್ತುವನ್ನು ವಿಚಾರಿಸುವವರೂ ಮಾಳಿಗೆ ಹತ್ತಿ ನೋಡದಿರುವುದುಂಟು. ಪರೀಕ್ಷೆಯ ಹೊಣೆ ಕೊಳ್ಳುವವರದ್ದೇ.

ಕಾಲ: ಸಾಧ್ಯವಾದರೆ ಮನೆಯನ್ನು ಎರಡು ಸಲ, ಒಣಗಾಲದಲ್ಲಿ ಒಮ್ಮೆ, ಮಳೆ ಬಿದ್ದ ಎರಡು ದಿನಗಳೊಳಗೆ ಒಮ್ಮೆ ನೋಡಬೇಕು. ಒಣಗಾಲದಲ್ಲಿ ಎರೆಮಣ್ಣಿನ ಬಿರುಕುಗಳು ಎದ್ದು ಕಾಣುತ್ತವೆ. ಮಳೆಯಲ್ಲಿ ತೇವ ಕಾಣುತ್ತದೆ.

ವಾಸನೆ: ಬಹುಕಾಲ ಮುಚ್ಚಿದ ಕೋಣೆಯ ಬಾಗಿಲು ತೆರೆದ ಕೂಡಲೇ ಬರುವ ಹಳಸಿದ ಮಣ್ಣಿನ ವಾಸನೆ, ಕಣ್ಣಿಗೆ ಕಾಣದ ಬೂಷ್ಟಿನ ಸೂಚನೆಯಾಗಿರಬಹುದು. ನೋಡಲು ಹೋದಾಗಲೆಲ್ಲ ದಟ್ಟವಾಗಿ ಊದುಬತ್ತಿ ಹಚ್ಚಿದ್ದರೆ ಅಥವಾ ಸುಗಂಧ ಸಿಂಪಡಿಸಿದ್ದರೆ, ಇನ್ನೊಮ್ಮೆ ಮುನ್ಸೂಚನೆಯಿಲ್ಲದೆ ಹೋಗಿ ನೋಡುವುದು ಲೇಸು.

ಹೊಸ ಬಣ್ಣ: ಮನೆಯೆಲ್ಲ ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ನೆಲದಿಂದ ಮೂರು ಅಡಿಯವರೆಗೆ ಮಾತ್ರ ಟೈಲ್ಸ್ ಅಥವಾ ಹಲಗೆ ಹೊದಿಸಿದ್ದರೆ ಕಾರಣ ಕೇಳಬೇಕು. ಗೋಡೆಯನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಒಳಗಿನಿಂದ ಬಿಟ್ಟುಕೊಂಡಿದೆ ಎಂದರ್ಥ.

ಪ್ಲಾಸ್ಟಿಕ್ ಹಾಳೆ: ಒಂದು ಅಡಿ ಚದರದ ಪಾರದರ್ಶಕ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಮೂಡಿದರೆ ನೀರು ಗೋಡೆಯೊಳಗಿನದು. ಹಾಳೆಯ ಮೇಲೆ, ಕೋಣೆಯ ಕಡೆಗೆ ಮೂಡಿದರೆ ಅದು ಕೋಣೆಯ ಆವಿ. ಇದು ಸ್ಥೂಲ ಪರೀಕ್ಷೆಯಾದರೂ ಖರ್ಚಿಲ್ಲದ್ದು.

ಬಿರುಕಿನ ಗುರುತು: ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ, ದಿನಾಂಕ ಮತ್ತು ಅಗಲವನ್ನು ಬರೆದಿಟ್ಟು ಕೆಲವು ತಿಂಗಳ ನಂತರ ಹೋಲಿಸಿದರೆ, ಅದು ಹಳೆಯ ಬಿರುಕೋ ಇನ್ನೂ ಚಲಿಸುತ್ತಿರುವುದೋ ತಿಳಿಯುತ್ತದೆ.

ನೆರೆಯ ಗುರುತು: ನದಿಯ ಸಮೀಪದ ಮನೆಯಲ್ಲಿ ಸ್ವಿಚ್ಚು ಪೆಟ್ಟಿಗೆಗಳ ಒಳಗೆ, ಬಾಗಿಲ ಚೌಕಟ್ಟಿನ ಹಿಂದೆ ಒಣಗಿದ ಕೆಸರಿದೆಯೇ ಎಂದು ನೋಡಬೇಕು. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಓಣಿಯವರು ಗೋಡೆಯ ಮೇಲೆ ಕೈಯಿಟ್ಟು ತೋರಿಸಬಲ್ಲರು. ಆ ವರ್ಷ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ ಸರಕಾರ ಪರಿಹಾರ ನೀಡಿತ್ತು. ಈ ಮನೆಗೆ ಪರಿಹಾರ ಬಂದಿತ್ತೇ, ಯಾವ ವರ್ಗದಲ್ಲಿ ಎಂದು ಮಾರುವವರನ್ನು ಕೇಳುವುದು ಉಚಿತ.

ಇಷ್ಟಾದ ಮೇಲೂ ಶಂಕೆ ಉಳಿದರೆ, ಮಾರುವವರೊಂದಿಗೂ ದಲ್ಲಾಳಿಯೊಂದಿಗೂ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರರನ್ನು ಕರೆತರಬೇಕು. ಮಣ್ಣಿನ ಮಾಳಿಗೆಯ ಮನೆಯಾದರೆ ಅಂಥ ಮನೆಗಳಲ್ಲಿ ಕೆಲಸ ಮಾಡಿದ ಅನುಭವಿ ಗೌಂಡಿಯ ಮಾತೂ ಬೆಲೆಯುಳ್ಳದ್ದು. ಖರೀದಿಯ ಮೊತ್ತದ ಎದುರು ಇವರಿಗೆ ಕೊಡುವ ಹಣ ಅಲ್ಪ.

ಕಾನೂನಿನ ಅಂಶಗಳು

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಆಸ್ತಿಯಲ್ಲಿರುವ ಮಹತ್ವದ ದೋಷವನ್ನು ಮಾರುವವನು ಕೊಳ್ಳುವವನಿಗೆ ತಿಳಿಸಬೇಕು. ಆದರೆ ಈ ಕರ್ತವ್ಯಕ್ಕೆ ಎರಡು ಮಿತಿಗಳಿವೆ: ದೋಷ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರಬೇಕು, ಮತ್ತು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಕಂಡುಹಿಡಿಯಲಾಗದಂಥ ದೋಷವಾಗಿರಬೇಕು. ಅಂಥ ದೋಷವನ್ನು ಮುಚ್ಚಿಟ್ಟರೆ ಅದು ವಂಚನೆಯೆನಿಸುತ್ತದೆ.

ಇದರ ಅರ್ಥ ಸ್ಪಷ್ಟ. ಪಡಸಾಲೆಯ ಗೋಡೆಯಲ್ಲಿ ಎಲ್ಲರಿಗೂ ಕಾಣುವ ಕಪ್ಪು ಕಲೆಯ ಬಗ್ಗೆ ನಂತರ ದೂರುವುದು ಕಷ್ಟ. ಹಲಗೆ ಹೊದಿಸಿ ಮರೆಮಾಡಿದ ಕೊಳೆತ ಜಂತಿಯ ವಿಷಯ ಬೇರೆ. ಆದರೂ ಮಾರುವವನಿಗೆ ಅದು ಗೊತ್ತಿತ್ತೆಂದು ಸಾಬೀತುಪಡಿಸುವುದು ಸುಲಭವಲ್ಲ, ದಾವೆ ಬೇಗ ಮುಗಿಯುವುದೂ ಇಲ್ಲ. ಆದ್ದರಿಂದ ಕೇಳಬೇಕಾದುದನ್ನು ಮೊದಲೇ ಲಿಖಿತವಾಗಿ ಕೇಳಿ, ಉತ್ತರವನ್ನು ಕರಾರು ಪತ್ರದಲ್ಲಿ ಬರೆಸುವುದು ಉತ್ತಮ. ಮನೆ ಎಂದಾದರೂ ನೆರೆಗೆ ಒಳಗಾಗಿತ್ತೇ, ಮಾಳಿಗೆ ಸೋರಿತ್ತೇ, ಯಾವಾಗ ಏನು ದುರಸ್ತಿ ಮಾಡಲಾಗಿದೆ ಎಂಬ ಮೂರು ಪ್ರಶ್ನೆಗಳು ಮುಖ್ಯ.

ಬಿಲ್ಡರುಗಳು ಕಟ್ಟಿ ಮಾರುವ ಹೊಸ ಮನೆಗಳಿಗೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಅನ್ವಯಿಸಬಹುದು. ಅದರ 14ನೆಯ ಕಲಮಿನಂತೆ ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯ ದೋಷ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ತಿಳಿಸಿದರೆ, ಬಿಲ್ಡರನು 30 ದಿನಗಳೊಳಗೆ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ, ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಮನೆಗಳ ಯೋಜನೆಗೆ ಈ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ. ತಾಲೂಕು ಕೇಂದ್ರಗಳಲ್ಲಿ ಒಂದೊಂದಾಗಿ ಕಟ್ಟಿ ಮಾರುವ ಮನೆಗಳು ಹೆಚ್ಚಾಗಿ ಈ ಮಿತಿಯೊಳಗೇ ಬರುತ್ತವೆ. ಒಬ್ಬರು ವಾಸವಿದ್ದು ಮಾರುವ ಹಳೆಯ ಮನೆಗೆ ಬಿಲ್ಡರನ ಈ ಹೊಣೆ ಅನ್ವಯಿಸುವುದಿಲ್ಲ.

ಖರ್ಚಿನ ಲೆಕ್ಕ

ತೇವದ ಮನೆಯ ಬೆಲೆಯನ್ನು ಅದೇ ಓಣಿಯ, ಅದೇ ಅಳತೆಯ ಒಳ್ಳೆಯ ಮನೆಯ ಬೆಲೆಯಿಂದ ಆರಂಭಿಸಿ, ದುರಸ್ತಿಯ ಎಲ್ಲ ಖರ್ಚನ್ನೂ ಕಳೆದು ಕಂಡುಕೊಳ್ಳಬೇಕು. ಮೂಲ ದುರಸ್ತಿ, ಗಿಲಾವು ಮತ್ತು ಬಣ್ಣ, ಕೆಲಸ ಮುಗಿಯುವವರೆಗಿನ ಬಾಡಿಗೆ, ಅನಿರೀಕ್ಷಿತ ಖರ್ಚು ಈ ನಾಲ್ಕನ್ನೂ ಸೇರಿಸಬೇಕು.

ವಿವರಣೆಗಾಗಿ ಮಾತ್ರ ಒಂದು ಲೆಕ್ಕ: ಒಳ್ಳೆಯ ಸ್ಥಿತಿಯ ಮನೆಯ ಬೆಲೆ 25 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಮಾಳಿಗೆಯ ದುರಸ್ತಿಗೆ 2 ಲಕ್ಷ, ಗಿಲಾವು-ಬಣ್ಣಕ್ಕೆ 1 ಲಕ್ಷ, ತಿಂಗಳಿಗೆ 6,000ದಂತೆ ನಾಲ್ಕು ತಿಂಗಳ ಬಾಡಿಗೆ 24,000, ದುರಸ್ತಿ ಮೊತ್ತದ ಕಾಲು ಭಾಗದಷ್ಟು ಅನಿರೀಕ್ಷಿತ ಖರ್ಚು 75,000. ಒಟ್ಟು 3,99,000. ಆಗ ಆ ಮನೆಗೆ ಕೊಡಬಹುದಾದ ಗರಿಷ್ಠ ಬೆಲೆ ಸುಮಾರು 21 ಲಕ್ಷ. ಮಾರುವವರು ಒಂದು ಲಕ್ಷ ಮಾತ್ರ ಇಳಿಸಲು ಒಪ್ಪಿದರೆ, ಉಳಿದ ಮೂರು ಲಕ್ಷವನ್ನು ಕೊಳ್ಳುವವರು ತಿಳಿದೇ ಹೆಚ್ಚಾಗಿ ತೆತ್ತಂತಾಗುತ್ತದೆ.

ಸಾಲ ಮಾಡಿ ಕೊಳ್ಳುವವರು ಇನ್ನೊಂದು ವಿಷಯವನ್ನು ನೋಡಬೇಕು. ಇರುವ ಹಣವೆಲ್ಲ ಖರೀದಿಗೂ ನೋಂದಣಿಗೂ ಮುಗಿದು, ದುರಸ್ತಿಗೆ ಏನೂ ಉಳಿಯದಿದ್ದರೆ, ಅಗ್ಗದ ಮನೆಯೂ ದುಬಾರಿಯಾಗುತ್ತದೆ. ದುರಸ್ತಿ ಮುಂದೂಡಿದ ಪ್ರತಿ ಮಳೆಗಾಲವೂ ಖರ್ಚನ್ನು ಹೆಚ್ಚಿಸುತ್ತದೆ.

ನಿರ್ಧಾರ

ಈ ಕೆಳಗಿನ ಸಂದರ್ಭಗಳಲ್ಲಿ ಖರೀದಿಯನ್ನು ಪರಿಗಣಿಸಬಹುದು:

- ನೀರಿನ ಮೂಲ ನಿಶ್ಚಿತವಾಗಿ ತಿಳಿದಿದ್ದು, ಅದು ಮನೆಯ ಆವರಣದೊಳಗೇ ಇದ್ದಾಗ.
- ಜಂತಿ, ತೊಲೆ, ಗೋಡೆ ಮತ್ತು ತಳಪಾಯ ಗಟ್ಟಿಯಾಗಿವೆಯೆಂದು ಎಂಜಿನಿಯರರು ಹೇಳಿದಾಗ.
- ದುರಸ್ತಿಯ ಅಂದಾಜು ಲಿಖಿತವಾಗಿ ಸಿಕ್ಕಿ, ಬೆಲೆ ಅದಕ್ಕೆ ತಕ್ಕಂತೆ ಇಳಿದಾಗ.
- ದುರಸ್ತಿ ಮುಗಿದು ಗೋಡೆ ಒಣಗುವವರೆಗೆ ಬೇರೆ ಕಡೆ ವಾಸಿಸಲು ಅನುಕೂಲವಿದ್ದಾಗ.

ಈ ಕೆಳಗಿನ ಸಂದರ್ಭಗಳಲ್ಲಿ ಬಿಡುವುದೇ ಲೇಸು:

- ಎರಡು ಸಲ ನೋಡಿದರೂ ನೀರು ಎಲ್ಲಿಂದ ಬರುತ್ತಿದೆಯೆಂದು ಯಾರೂ ಹೇಳಲಾಗದಿದ್ದಾಗ.
- ಮೂಲವು ನದಿ, ಕಾಲುವೆ ಅಥವಾ ಒಪ್ಪದ ನೆರೆಮನೆಯವರದ್ದಾಗಿದ್ದಾಗ.
- ಎರೆಮಣ್ಣಿನ ಮೇಲಿನ ತಳಪಾಯ ಇನ್ನೂ ಚಲಿಸುತ್ತಿದ್ದಾಗ.
- ಮನೆಯಲ್ಲಿ ಆಸ್ತಮಾ ಇರುವ ಮಗು ಅಥವಾ ರೋಗನಿರೋಧಕ ಶಕ್ತಿ ಕುಂದಿದವರಿದ್ದು, ತಕ್ಷಣವೇ ವಾಸಕ್ಕೆ ಬರಬೇಕಾಗಿದ್ದಾಗ.
- ಪರೀಕ್ಷೆಗೆ ಅಥವಾ ಮಳೆಗಾಲದಲ್ಲಿ ನೋಡಲು ಮಾರುವವರು ಅವಕಾಶ ಕೊಡದಿದ್ದಾಗ.

ಇವೆರಡರ ನಡುವಿನ ದಾರಿಯೂ ಒಂದುಂಟು. ಬೇಸಿಗೆಯಲ್ಲಿ ಮಾತುಕತೆಯಾದರೆ ಸಣ್ಣ ಮೊತ್ತದ ಇಸಾರ ಕೊಟ್ಟು, ಮಳೆಗಾಲ ಮುಗಿದ ಮೇಲೆ ಖರೀದಿ ಪತ್ರ ನೋಂದಾಯಿಸುವಂತೆ ಕರಾರು ಮಾಡಿಕೊಳ್ಳಬಹುದು. ಮಹತ್ವದ ಸೋರುವಿಕೆ ಕಂಡರೆ ಇಸಾರ ಮರಳಿಸಬೇಕು, ಇಲ್ಲವೇ ಬೆಲೆ ಇಷ್ಟು ಇಳಿಯಬೇಕು ಎಂಬ ಷರತ್ತನ್ನು ವಕೀಲರಿಂದ ಬರೆಸಬೇಕು. ಒಳ್ಳೆಯ ಮನೆಯನ್ನು ಮಾರುವವರಿಗೆ ಇಂಥ ಷರತ್ತಿನಿಂದ ನಷ್ಟವಿಲ್ಲ. ಇಸಾರ ಕೊಟ್ಟ ಸಂಕೋಚಕ್ಕೆ ಅಥವಾ ಬೀಗರ, ಪರಿಚಯದವರ ಮುಲಾಜಿಗೆ ಕಟ್ಟುಬಿದ್ದು ದೋಷವನ್ನು ನೋಡದಂತೆ ಇರುವುದು ಮಾತ್ರ ಮುಂದೆ ಎರಡೂ ಮನೆಯವರ ಮನಸ್ತಾಪಕ್ಕೆ ದಾರಿಯಾಗುತ್ತದೆ.

ಖರೀದಿಯ ನಂತರದ ಕ್ರಮ

ಮೊದಲು ನೀರನ್ನು ನಿಲ್ಲಿಸಬೇಕು, ಅನಂತರ ಗೋಡೆಯನ್ನು ಒಣಗಿಸಬೇಕು, ಆಮೇಲೆ ಬೂಷ್ಟನ್ನು ತೆಗೆಯಬೇಕು, ಕೊನೆಗೆ ಬಣ್ಣ ಬಳಿಯಬೇಕು. ಈ ಕ್ರಮ ತಪ್ಪಿದರೆ ಹಣ ವ್ಯರ್ಥ. ಸುಮಾರು ಒಂದು ಚದರ ಮೀಟರಿಗಿಂತ ಕಡಿಮೆ ಜಾಗದ ಬೂಷ್ಟನ್ನು ಮನೆಯವರೇ ಸಾಬೂನು ನೀರಿನಿಂದ ಉಜ್ಜಿ ತೊಳೆದು ಒಣಗಿಸಬಹುದು. ಕೈಗವಸು ಮತ್ತು ಎನ್-95 ಮುಖಗವಸು ಧರಿಸಿ, ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಬೇಕು. ಬ್ಲೀಚಿಂಗ್ ದ್ರಾವಣವನ್ನು ಆಮ್ಲದ ಜೊತೆ ಅಥವಾ ಅಮೋನಿಯಾ ಇರುವ ದ್ರವದ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ಬೂಷ್ಟು ಒಳಗಿಳಿದ ಗಾದಿ, ಪ್ಲೈವುಡ್ ಮತ್ತು ರಟ್ಟಿನ ವಸ್ತುಗಳನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು.

ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಅಥವಾ ಆಯಿಲ್ ಪೇಂಟ್ ಹಚ್ಚುವುದು ಸರಿಯಲ್ಲ. ಮಣ್ಣು ಮತ್ತು ಸುಣ್ಣದ ಗಿಲಾವು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಮುಚ್ಚಿದ ಬೆಳಕಿಂಡಿಯನ್ನು ಮಳೆ ಒಳಬರದಂತೆ ಹೊದಿಕೆ ಕೊಟ್ಟು ಮತ್ತೆ ತೆರೆಯುವುದು, ಅಡುಗೆಮನೆ ಮತ್ತು ಬಚ್ಚಲಿಗೆ ಗಾಳಿ ಹೊರಹಾಕುವ ಫ್ಯಾನು ಹಾಕಿಸುವುದು, ಕಪಾಟುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡುವುದು ಉಪಯುಕ್ತ.

ತಪ್ಪು ತಿಳಿವಳಿಕೆಗಳು

ಗೋಡೆಯ ಕಪ್ಪು ಬೂಷ್ಟೇ 2021ರ "ಕಪ್ಪು ಶಿಲೀಂಧ್ರ" ರೋಗಕ್ಕೆ ಕಾರಣವೆಂಬ ನಂಬಿಕೆ ಹರಡಿದೆ. ಇದು ತಪ್ಪು. ಕೋವಿಡ್ ಎರಡನೆಯ ಅಲೆಯಲ್ಲಿ ಮಧುಮೇಹ ಹತೋಟಿಯಲ್ಲಿಲ್ಲದವರಿಗೂ ಸ್ಟೀರಾಯ್ಡ್ ಪಡೆದವರಿಗೂ ಹೆಚ್ಚಾಗಿ ಬಂದ ಮ್ಯೂಕರ್‌ಮೈಕೋಸಿಸ್ ರೋಗಕ್ಕೆ ಕಾರಣವಾದುದು ಬೇರೊಂದು ವರ್ಗದ ಶಿಲೀಂಧ್ರ.

ಬೂಷ್ಟುನಿರೋಧಕ ಬಣ್ಣ ಬಳಿದರೆ ಸಾಕೆಂಬುದು ಇನ್ನೊಂದು ನಂಬಿಕೆ. ನೀರು ಬರುತ್ತಿರುವ ಗೋಡೆಯ ಮೇಲೆ ಯಾವ ಬಣ್ಣವೂ ಬಹುಕಾಲ ನಿಲ್ಲುವುದಿಲ್ಲ. ಹಾಗೆಯೇ ಹೊಸ ಮನೆಗೆ ಬೂಷ್ಟು ಬರುವುದಿಲ್ಲವೆಂಬುದೂ ಸರಿಯಲ್ಲ. ಹೊಸ ಕಾಂಕ್ರೀಟು ಮತ್ತು ಗಿಲಾವಿನಲ್ಲಿರುವ ನೀರು ಒಣಗಲು ತಿಂಗಳುಗಳೇ ಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಅವಸರದಲ್ಲಿ ಬಣ್ಣ ಬಳಿದ ಮನೆಯಲ್ಲಿ ಮೊದಲ ಮಳೆಗಾಲದಲ್ಲಿ ಕಲೆಗಳು ಕಾಣಬಹುದು. ಮನೆ ಒಣಗಿದ ಮೇಲೂ, ಎರಡನೆಯ ಮಳೆಗಾಲದಲ್ಲಿಯೂ ಅದೇ ಜಾಗದಲ್ಲಿ ಅವು ಮರಳಿದರೆ, ಬೇರೆ ಮೂಲವಿದೆಯೆಂದು ತಿಳಿದು ಹುಡುಕಬೇಕು.